ಸ್ಪಂಜಿನ ಚೆಂಡಿನ ಜಾದೂ: ಹೊಸಬರು ಯಾವುದರಿಂದ ಶುರು ಮಾಡಬೇಕು? ಮಳೆ, ಜಗುಲಿ, ಪಂಚೆ ಎಲ್ಲ ಲೆಕ್ಕಕ್ಕೆ ಹಿಡಿದು ಹೇಳಿ

ಹೊಸನಗರದ ಹೊಸಬ

ಎಲ್ಲರಿಗೂ ನಮಸ್ಕಾರ. ಎರಡು ಇಂಚಿನ ಕೆಂಪು ಸ್ಪಂಜಿನ ಚೆಂಡು ನಾಲ್ಕು ಇವೆ. ಎರಡು ವಿಷಯ ಗಟ್ಟಿಯಾಗಿ ಕಲಿಯಬೇಕು: ಚೆಂಡು ಮುಷ್ಟಿಯೊಳಗೆ ಮಾಯ ಆಗುವುದು, ಮತ್ತೆ ನೋಡುವವರ ಕೈಯಲ್ಲಿ ಒಂದು ಇದ್ದದ್ದು ಎರಡಾಗುವುದು. ವಿಡಿಯೊ ನೋಡಿದರೆ ಹತ್ತು ಜನ ಹತ್ತು ಥರ ಹೇಳ್ತಾರೆ. ಗಣಪತಿ ಹಬ್ಬಕ್ಕೆ ಊರಿನ ಪೆಂಡಾಲಿನಲ್ಲಿ ಹತ್ತು ನಿಮಿಷ ತೋರಿಸಬೇಕು ಅಂತಿದೆ. ನನ್ನ ಕೈ ಚಿಕ್ಕದು. ಯಾವುದು ಮೊದಲು, ಯಾವುದು ಆಮೇಲೆ, ದಿನಕ್ಕೆ ಎಷ್ಟು ಹೊತ್ತು, ಬಲ್ಲವರು ಬಿಡಿಸಿ ಹೇಳಿ.

ಕೈಚಳಕ ಸಾಗರ

ಮೊದಲು ಹಿಡಿತ, ಆಮೇಲೆ ಸುಳ್ಳು ಕೊಡುವಿಕೆ (ಇನ್ನೊಂದು ಕೈಗೆ ಕೊಟ್ಟಂತೆ ತೋರಿಸಿ ಚೆಂಡನ್ನು ಇದ್ದ ಕೈಯಲ್ಲೇ ಉಳಿಸಿಕೊಳ್ಳುವುದು), ಆಮೇಲೆ ಎರಡನ್ನು ಒಂದಾಗಿ ತೋರಿಸುವುದು. ಈ ಮೂರು ಬಂದರೆ ಹತ್ತು ನಿಮಿಷಕ್ಕೆ ಧಾರಾಳ ಸಾಕು.

ಹಿಡಿತ ಅಂದರೆ ಫಿಂಗರ್ ಪಾಮ್. ಚೆಂಡು ಕೂರಬೇಕಾದ ಜಾಗ ಅಂಗೈ ನಡುವೆ ಅಲ್ಲ, ನಡುಬೆರಳು ಮತ್ತು ಉಂಗುರ ಬೆರಳಿನ ಬುಡದಲ್ಲಿ. ಆ ಎರಡು ಬೆರಳು ಸ್ವಲ್ಪ ಮಡಚಿದರೆ ಚೆಂಡು ತಾನೇ ನಿಲ್ಲುತ್ತದೆ. ತೋರುಬೆರಳು, ಹೆಬ್ಬೆರಳು ಪೂರ್ತಿ ಬಿಡುವಾಗಿರಬೇಕು. ಚೆಂಡು ಅಲ್ಲಿ ಇಟ್ಟುಕೊಂಡೇ ನೀರಿನ ಲೋಟ ಎತ್ತಿ, ಬಾಗಿಲ ಚಿಲಕ ತೆಗೆಯಿರಿ, ಪೆನ್ನು ಹಿಡಿದು ಹೆಸರು ಬರೆಯಿರಿ. ಇದನ್ನೇ ಮೂರು ನಾಲ್ಕು ದಿನ ಮಾಡಿ. ಕೈಗೆ ಚೆಂಡು ಇದೆ ಅನ್ನುವುದೇ ಮರೆತುಹೋಗಬೇಕು. ಮರೆಯದ ಕೈ ಬಿಗಿಯಾಗಿರುತ್ತದೆ, ಬಿಗಿಯಾದ ಕೈಯನ್ನು ನೋಡುವವರು ಕ್ಷಣದಲ್ಲಿ ಗುರುತು ಹಿಡಿಯುತ್ತಾರೆ.

ಈಗ ಸುಳ್ಳು ಕೊಡುವಿಕೆ. ಇಡೀ ಸ್ಪಂಜಿನ ಚೆಂಡಿನ ವಿದ್ಯೆ ಇದರ ಮೇಲೆ ನಿಂತಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಚೆಂಡು ಬಲಗೈಯ ತುದಿಬೆರಳಲ್ಲಿ: ಹೆಬ್ಬೆರಳು ಮೇಲೆ, ತೋರುಬೆರಳು ನಡುಬೆರಳು ಕೆಳಗೆ. ಎಡಗೈ ಸೊಂಟಕ್ಕಿಂತ ಒಂದು ಗೇಣು ಮೇಲೆ, ಅಂಗೈ ಮೇಲ್ಮುಖ, ಬೆರಳು ತುಸು ಬಾಗಿರಲಿ. ಬಲಗೈ ಬಂದು ಚೆಂಡನ್ನು ಎಡ ಅಂಗೈಗೆ ನಿಜವಾಗಿ ಮುಟ್ಟಿಸಬೇಕು. ಬರೀ ಹತ್ತಿರ ಬಂದರೆ ಸಾಲದು. ಎಡಗೈ ಬೆರಳು ಕಿರುಬೆರಳಿಂದ ಶುರುವಾಗಿ ಒಂದೊಂದಾಗಿ ಮುಚ್ಚುತ್ತವೆ. ಆ ಬೆರಳುಗಳು ಚೆಂಡನ್ನು ಮುಂದಿನಿಂದ ಮರೆಮಾಡಿದ ಕ್ಷಣದಲ್ಲಿ ಬಲ ಹೆಬ್ಬೆರಳು ಚೆಂಡನ್ನು ಹಿಂದಕ್ಕೆ, ತನ್ನದೇ ಬೆರಳ ಬುಡಕ್ಕೆ ಎಳೆದುಕೊಳ್ಳುತ್ತದೆ. ಎಳೆತ ಒಂದು ಇಂಚಿಗಿಂತ ಹೆಚ್ಚಿಲ್ಲ.

ಇಲ್ಲಿಂದ ಮುಂದೆ ಎಲ್ಲರೂ ತಪ್ಪುವುದು ಒಂದೇ ಕಡೆ. ಬಲಗೈಯನ್ನು ಸರಕ್ಕನೆ ಹಿಂದಕ್ಕೆ ತೆಗೆಯುತ್ತಾರೆ. ತೆಗೆಯಬಾರದು. ಬಲಗೈ ಇದ್ದಲ್ಲೇ ಇರಲಿ, ಎಡಗೈ ಮುಷ್ಟಿ ಎಡಕ್ಕೆ ಮೇಲಕ್ಕೆ ಹೊರಡಲಿ, ನಿಮ್ಮ ಕಣ್ಣು ಅದರ ಹಿಂದೆ ಹೋಗಲಿ. ಚಲಿಸುವ ಕೈಯನ್ನೇ ಜನ ನೋಡುತ್ತಾರೆ, ನೀವು ನೋಡುವ ಕಡೆಗೇ ಜನ ನೋಡುತ್ತಾರೆ. ಎರಡೂ ಎಡಕ್ಕೆ ಹೋದ ಮೇಲೆ ಬಲಗೈ ಸುಮ್ಮನೆ ಇಳಿಯುತ್ತದೆ. ಬಲಗೈಯ ತೋರುಬೆರಳಿನಿಂದ ಎಡ ಮುಷ್ಟಿ ತೋರಿಸಿದರೆ ಇನ್ನೂ ಒಳ್ಳೆಯದು, ಏನೋ ಕೆಲಸ ಮಾಡುವ ಕೈ ಖಾಲಿ ಕೈ ಥರ ಕಾಣುತ್ತದೆ.

ಎಡ ಮುಷ್ಟಿಯೊಳಗೆ ಚೆಂಡಿನಷ್ಟು ಜಾಗ ಬಿಟ್ಟಿರಬೇಕು. ಖಾಲಿ ಮುಷ್ಟಿಯನ್ನು ಹಿಂಡಿ ಹಿಡಿದರೆ ಗೆಣ್ಣು ಬೆಳ್ಳಗಾಗಿ ಗುಟ್ಟು ಬಯಲಾಗುತ್ತದೆ. ಎರಡು ಮೂರು ಸೆಕೆಂಡು ಹಾಗೇ ಹಿಡಿದು, ಬೆರಳು ಉಜ್ಜುತ್ತಾ ಕಿರುಬೆರಳಿನ ಕಡೆಯಿಂದ ನಿಧಾನ ಬಿಚ್ಚಿ.

ಅಭ್ಯಾಸದ ಕ್ರಮ: ಇಪ್ಪತ್ತು ಸಲ ನಿಜವಾಗಿ ಚೆಂಡನ್ನು ಎಡಗೈಗೆ ಕೊಡಿ. ಆಗ ಭುಜ ಎಲ್ಲಿರುತ್ತದೆ, ಉಸಿರು ಹೇಗಿರುತ್ತದೆ, ಕಣ್ಣು ಯಾವಾಗ ತಿರುಗುತ್ತದೆ ಗಮನಿಸಿ. ಇಪ್ಪತ್ತೊಂದನೆಯದು ಸುಳ್ಳು. ಎರಡಕ್ಕೂ ವ್ಯತ್ಯಾಸ ಕಾಣಬಾರದು.

ತುಂಗೆದಡ

ಮೇಲಿನದು ಅಚ್ಚುಕಟ್ಟಾಗಿದೆ. ಒಂದೇ ಸೇರಿಸುವುದು: ಚಿಕ್ಕ ಕೈಗೆ ಎರಡು ಇಂಚು ದೊಡ್ಡದು. ಒಂದೂವರೆ ಇಂಚಿನದು, ಅಂದರೆ ಸುಮಾರು 4 ಸೆಂಟಿಮೀಟರ್, ತಗೊಳ್ಳಿ. ಎರಡು ಇಂಚಿನದನ್ನು ಬೆರಳ ಬುಡದಲ್ಲಿ ಹಿಡಿದರೆ ಕಿರುಬೆರಳ ಬದಿಯಿಂದ ಕೆಂಪು ಇಣುಕುತ್ತದೆ. ತೀರಾ ಮೆತ್ತನೆಯದು ಹಿಂಡಿದರೆ ಅಡಿಕೆಯಷ್ಟಾಗುತ್ತದೆ ನಿಜ, ಆದರೆ ಬಿಟ್ಟ ತಕ್ಷಣ ಅರಳುತ್ತದೆ. ತುಸು ಗಟ್ಟಿ ಇರುವುದು ಕಲಿಯುವವರಿಗೆ ಹಿತ, ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುತ್ತದೆ.

ಶರಾವತಿ ಕಣಿವೆ

ಸಾಗರದ ಅಣ್ಣನ ಕ್ರಮಕ್ಕೆ ನನ್ನ ಒಪ್ಪಿಗೆ ಇಲ್ಲ. ಹೊಸಬರಿಗೆ ಸುಳ್ಳು ಕೊಡುವಿಕೆಯೇ ಮೊದಲು ಅಂದರೆ ಒಂದು ತಿಂಗಳು ಕನ್ನಡಿ ಮುಂದೆ ನಿಂತು ಬೇಸತ್ತು ಬಿಟ್ಟುಬಿಡುತ್ತಾರೆ. ಎರಡನ್ನು ಒಂದಾಗಿ ತೋರಿಸುವುದನ್ನು ಮೊದಲು ಕಲಿಸಿ. ಅದರಲ್ಲಿ ಕೈಚಳಕ ಕಮ್ಮಿ, ಕೆಲಸ ಪೂರಾ ಸ್ಪಂಜೇ ಮಾಡುತ್ತದೆ, ಪರಿಣಾಮ ಮಾತ್ರ ನೋಡುವವರ ಸ್ವಂತ ಕೈಯೊಳಗೆ.

ಮಾಡುವ ರೀತಿ: ಒಂದು ಚೆಂಡು ಬಲಗೈ ಬೆರಳ ಬುಡದಲ್ಲಿ ಅಡಗಿದೆ. ಇನ್ನೊಂದು ಮೇಜಿನ ಮೇಲೆ. ಬಲಗೈ ಮೇಲಿನಿಂದ ಇಳಿದು ಮೇಜಿನ ಚೆಂಡನ್ನು ತುದಿಬೆರಳಲ್ಲಿ ಎತ್ತುವಾಗಲೇ ಅಡಗಿದ್ದಕ್ಕೆ ಒತ್ತಿಕೊಳ್ಳುತ್ತದೆ. ಹೆಬ್ಬೆರಳು ಎರಡನ್ನೂ ಸೇರಿಸಿ ಹಿಂಡಿ ಹಿಡಿಯಬೇಕು. ಎರಡು ಕೂಡುವ ಗೆರೆ ತೋರುಬೆರಳ ಹಿಂದೆ ಮರೆಯಾಗಿರಬೇಕು. ತೋರಿಸುವುದು ಒಂದು ಸೆಕೆಂಡು, ಹೆಚ್ಚೆಂದರೆ ಎರಡು. ಅದಕ್ಕಿಂತ ಹೆಚ್ಚು ಹೊತ್ತು ಎತ್ತಿ ಹಿಡಿದರೆ ಜನ ಅದನ್ನೇ ಪರೀಕ್ಷೆ ಮಾಡಲು ಶುರು ಮಾಡುತ್ತಾರೆ.

ನಾಲ್ಕೂ ಚೆಂಡು ಒಂದೇ ಸಲ ಕೊಂಡದ್ದಾಗಿರಲಿ. ಒಂದು ಮಾಸಿದ್ದು ಒಂದು ಹೊಸದು ಸೇರಿದರೆ ಆ ಗೆರೆ ಎದ್ದು ಕಾಣುತ್ತದೆ.

ಕೈಚಳಕ ಸಾಗರ

ಕಣಿವೆಯವರೇ, ಬೇಗ ಫಲ ಸಿಗುತ್ತದೆ ಅನ್ನುವುದು ನಿಜ. ಆದರೆ ನೋಡುವವರ ಕೈಯಲ್ಲಿ ಎರಡಾಗಬೇಕಾದರೆ ನಿಮ್ಮ ಕೈಯಲ್ಲಿ ಒಂದು ಮಾಯ ಆಗಲೇಬೇಕಲ್ಲ? ಆ ಮಾಯ ಆಗುವುದು ಸುಳ್ಳು ಕೊಡುವಿಕೆಯಿಂದಲೇ. ಅದು ಹುಳುಕಾಗಿದ್ದರೆ ‘ಮೊದಲೇ ಎರಡು ಕೊಟ್ಟಿದ್ದ’ ಅಂತ ಎಂಟು ವರ್ಷದ ಹುಡುಗನೂ ಹೇಳುತ್ತಾನೆ.

ಶರಾವತಿ ಕಣಿವೆ

ಅದಕ್ಕೆ ಜೇಬು ಇದೆ. ಎರಡನೇ ಚೆಂಡನ್ನು ‘ಇದು ಜೇಬಿಗೆ’ ಅಂತ ಬಲ ಜೇಬಿಗೆ ಕೈ ಹಾಕಿ, ಬೆರಳ ಬುಡದಲ್ಲಿ ಹಿಡಿದುಕೊಂಡೇ ಕೈ ಹೊರಗೆ ತನ್ನಿ. ಸುಳ್ಳು ಕೊಡುವಿಕೆ ಬರುವವರೆಗೆ ಅಷ್ಟು ಸಾಕು. ಬಂದ ಮೇಲೆ ನೀವು ಹೇಳಿದ್ದನ್ನೇ ಮಾಡಲಿ.

ಕೈಚಳಕ ಸಾಗರ

ಜೇಬಿನ ದಾರಿ ಒಪ್ಪಿದೆ. ಹಾಗಾದರೆ ಎರಡನ್ನೂ ಸೇರಿಸಿ ಮೂರು ಚೆಂಡಿನ ಒಂದು ಪೂರ್ತಿ ಆಟ ಬರೆಯುತ್ತೇನೆ. ಹೊಸಬರು ಇದೊಂದನ್ನೇ ಹಿಡಿದುಕೊಳ್ಳಲಿ. ಚೆಂಡುಗಳಿಗೆ ಒಂದನೇದು, ಎರಡನೇದು, ಮೂರನೇದು ಅಂತ ಹೆಸರಿಟ್ಟುಕೊಳ್ಳಿ.

ಶುರುವಿಗೆ ಒಂದನೇದು ಮೇಜಿನ ಮೇಲೆ, ಉಳಿದವು ಬಲ ಜೇಬಿನಲ್ಲಿ. ಒಂದನೇದನ್ನು ಎತ್ತಿ ಎಡಗೈಗೆ ಸುಳ್ಳು ಕೊಟ್ಟು, ಮುಷ್ಟಿ ಬಿಚ್ಚಿ ಖಾಲಿ ತೋರಿಸಿ. ಚೆಂಡು ಬಲಗೈಯಲ್ಲಿ ಅಡಗಿದೆ. ಅದೇ ಕೈಯನ್ನು ಜೇಬಿಗೆ ಹಾಕಿ, ಎರಡನೇದು ಮೂರನೇದನ್ನು ತುದಿಬೆರಳಲ್ಲಿ ಹೊರಗೆ ತನ್ನಿ: ‘ಇಲ್ಲಿಗೆ ಬಂದಿದೆ ನೋಡಿ, ಬರುವಾಗ ಜೊತೆಗೊಬ್ಬನನ್ನೂ ಕರ್ಕಂಡು ಬಂದಿದೆ.’ ಎರಡನ್ನೂ ಮೇಜಿನ ಮೇಲೆ ಇಡಿ. ಒಂದನೇದು ಕೈಯಲ್ಲೇ ಇದೆ, ಯಾರಿಗೂ ಅದರ ಲೆಕ್ಕ ಇಲ್ಲ.

ಎರಡನೇದನ್ನು ಎತ್ತುವಾಗ ಒಂದನೇದನ್ನೂ ಸೇರಿಸಿ, ಒಂದೇ ಚೆಂಡು ಎಂಬಂತೆ ನಿಮ್ಮ ಎಡಗೈಗೆ ಕೊಟ್ಟು ಮುಷ್ಟಿ ಕಟ್ಟಿ. ಮೂರನೇದನ್ನು ಎತ್ತಿ ‘ಇದು ಜೇಬಿಗೆ’ ಅನ್ನಿ, ಅಡಗಿಸಿಕೊಂಡು ಕೈ ಹೊರಗೆ ತನ್ನಿ. ಎಡ ಮುಷ್ಟಿ ಬಿಚ್ಚಿದರೆ ಎರಡು, ಅವನ್ನು ಮೇಜಿನ ಮೇಲೆ ಇಡಿ. ಈಗ ಮೂರನೇದು ಬಲಗೈಯಲ್ಲಿ.

ಆಮೇಲೆ ಮುಖ್ಯವಾದದ್ದು. ಎದುರಿನವರ ಕೈ ಕೇಳಿ. ಮೇಜಿನ ಒಂದು ಚೆಂಡಿಗೆ ಅಡಗಿದ್ದನ್ನು ಸೇರಿಸಿ ಅವರ ಅಂಗೈಗೆ ಒತ್ತಿ, ‘ಗಟ್ಟಿ ಹಿಡ್ಕಳಿ, ಬಿಡಬೇಡಿ’ ಅನ್ನಿ. ಉಳಿದದ್ದನ್ನು ನಿಮ್ಮ ಎಡಗೈಗೆ ಸುಳ್ಳು ಕೊಟ್ಟು ಮಾಯ ಮಾಡಿ. ಅವರು ಮುಷ್ಟಿ ಬಿಚ್ಚಿದರೆ ಎರಡು ಚೆಂಡು ಪುಟಿದು ಏಳುತ್ತವೆ.

ಈಗಲೂ ನಿಮ್ಮ ಬಲಗೈಯಲ್ಲಿ ಒಂದು ಉಳಿದಿದೆ. ಅವರ ಕೈಯಿಂದ ಎರಡನ್ನೂ ತಗೊಂಡು, ಅಡಗಿದ್ದನ್ನೂ ಸೇರಿಸಿ, ಮತ್ತೆ ಅವರ ಕೈಗೇ ಒತ್ತಿ. ‘ಎಷ್ಟಿವೆ?’ ‘ಎರಡು.’ ಬಿಚ್ಚಿದರೆ ಮೂರು. ನಿಮ್ಮ ಎರಡೂ ಕೈ ಖಾಲಿ, ಚೆಂಡೆಲ್ಲ ಅವರ ಬಳಿ. ಯಾರು ಏನು ಪರೀಕ್ಷೆ ಮಾಡಿದರೂ ಸಿಗುವುದಿಲ್ಲ. ನಾಲ್ಕನೇ ಚೆಂಡು ಜೇಬಿನಲ್ಲೇ ಇರಲಿ, ಒಂದು ಕೆಳಗೆ ಬಿದ್ದು ಉರುಳಿ ಹೋದರೆ ಬೇಕಾಗುತ್ತದೆ.

ಪೂರ್ತಿ ಆಟ ನಾಲ್ಕು ನಿಮಿಷ. ಹತ್ತು ನಿಮಿಷಕ್ಕೆ ಎಳೆಯಬೇಡಿ. ಉಳಿದ ಹೊತ್ತಿಗೆ ಹಗ್ಗದ್ದೋ ಕರವಸ್ತ್ರದ್ದೋ ಬೇರೆ ಆಟ ಇಟ್ಟುಕೊಳ್ಳಿ.

ಕೊಪ್ಪದ ಮೇಷ್ಟ್ರು

ಎದುರಿನವರ ಕೈಗೆ ಕೊಡುವ ಜಾಗ ಇನ್ನೂ ಬಿಡಿಸಬೇಕು. ಅಲ್ಲೇ ಹೆಚ್ಚು ಆಟ ಕೆಡುವುದು.

ಎರಡು ಚೆಂಡು ಇದ್ದರೂ ಒಂದೇ ಅನ್ನಿಸುವುದು ಯಾಕೆ? ಸ್ಪಂಜಿಗೆ ಅಂಚಿಲ್ಲ, ತೂಕ ಇಲ್ಲ. ಹಿಂಡಿದಾಗ ಅಂಗೈಗೆ ಸಿಗುವುದು ಹರಡಿದ ಒಂದು ಒತ್ತಡ ಮಾತ್ರ, ಅದರಲ್ಲಿ ಎಣಿಕೆ ಸಿಗುವುದಿಲ್ಲ. ಆದರೆ ಹೋಲಿಸಿ ನೋಡಲು ಅವರಿಗೆ ಒಂದು ಅಳತೆ ಬೇಕು. ಅದಕ್ಕೇ ಆಟದ ಶುರುವಿನಲ್ಲೇ ಒಂದು ಚೆಂಡನ್ನು ಅವರ ಕೈಗೆ ಕೊಟ್ಟು ಹಿಂಡಿಸಿ ವಾಪಸ್ ತಗೊಳ್ಳಿ. ಮುಷ್ಟಿ ತುಂಬಿದ ಆ ಅನುಭವ ‘ಒಂದು’ ಅಂತ ಅವರ ಮನಸ್ಸಿನಲ್ಲಿ ಕೂತಿರುತ್ತದೆ.

ಕೊಡುವಾಗ ಅವರ ಅಂಗೈ ಮೇಲ್ಮುಖ. ನಿಮ್ಮ ತುದಿಬೆರಳಿನಿಂದ ಚೆಂಡನ್ನು ಅಂಗೈ ನಡುವೆ ಒತ್ತಿ, ‘ಮುಷ್ಟಿ ಕಟ್ಟಿ’ ಅನ್ನಿ. ಅವರ ಬೆರಳು ನಿಮ್ಮ ಬೆರಳ ಮೇಲೇ ಮುಚ್ಚುತ್ತವೆ. ಅರ್ಧ ಮುಚ್ಚಿದ ಮೇಲೆ ನಿಮ್ಮ ಬೆರಳು ಜಾರಿಸಿ ಹೊರಗೆ ತೆಗೆಯಿರಿ. ಮೊದಲೇ ತೆಗೆದರೆ ಸ್ಪಂಜು ಅರಳಿ ಎರಡು ಕಾಣುತ್ತದೆ. ಮುಷ್ಟಿ ಆದ ಕೂಡಲೇ ಕೈ ಬೋರಲು ಮಾಡಿಸಿ. ಅಂಗೈ ಮೇಲಿದ್ದರೆ ಬೆರಳು ಸಡಿಲವಾಗುತ್ತವೆ, ನೋಡುವ ಆಸೆಯೂ ಬರುತ್ತದೆ. ಬೋರಲಾಗಿದ್ದರೆ ಬಿದ್ದೀತು ಅಂತ ತಾವೇ ಗಟ್ಟಿ ಹಿಡಿಯುತ್ತಾರೆ.

ಹೆಂಗಸರ ಕೈಯನ್ನು ಹಿಡಿದು ಎಳೆಯುವುದು, ಅವರ ಮುಷ್ಟಿಯನ್ನು ನೀವೇ ಮುಚ್ಚುವುದು ಬೇಡ. ಹಳ್ಳಿಯ ಸಭೆಯಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲ. ‘ಅಕ್ಕಾ, ಕೈ ಚಾಚಿ’ ಅಂದು ಮೇಲಿನಿಂದ ಒತ್ತಿದರೆ ಸಾಕು. ಎಂಟರಿಂದ ಹನ್ನೆರಡು ವಯಸ್ಸಿನ ಮಕ್ಕಳೂ, ಮನೆಯ ಅಜ್ಜಿಯರೂ ಈ ಆಟಕ್ಕೆ ಹೇಳಿ ಮಾಡಿಸಿದವರು. ಹೇಳಿದ ಮಾತು ಕೇಳುತ್ತಾರೆ, ಬಿಚ್ಚಿದಾಗ ಅವರ ಮುಖದಲ್ಲಿ ಆಗುವುದನ್ನು ನೋಡಿ ಇಡೀ ಸಭೆ ಖುಷಿಪಡುತ್ತದೆ. ಐದು ವರ್ಷದ ಒಳಗಿನ ಮಗು ಮುಷ್ಟಿ ಹಿಡಿದು ನಿಲ್ಲುವುದಿಲ್ಲ.

ಮಳೆಬಿಲ್ಲು ತೀರ್ಥಹಳ್ಳಿ

ಎಲ್ಲರೂ ಜೇಬು ಜೇಬು ಅಂತೀರಿ. ಸೀರೆ ಉಟ್ಟು ಮಾಡುವವರು ಎಂತ ಮಾಡಬೇಕು? ಚೂಡಿದಾರಕ್ಕೂ ಜೇಬು ಇರುವುದಿಲ್ಲ ಎಷ್ಟೋ ಸಲ. ಪಂಚೆಗೂ ಅದೇ ಕಷ್ಟ.

ಹಾಳೆಟೊಪ್ಪಿ

ಅಕ್ಕಾ, ಒಳ್ಳೆ ಪ್ರಶ್ನೆ. ಸೀರೆಗೆ, ಪಂಚೆಗೆ ಎರಡಕ್ಕೂ ಒಂದೇ ಪರಿಹಾರ: ಮೇಜಿನ ಬಲಬದಿಗೆ ಬಾಯಿ ಅಗಲವಾದ ಬಟ್ಟೆ ಚೀಲ ಇಡಿ. ಜೇಬಿಗೆ ಹೋಗಬೇಕಾದ ಕೈ ಅಲ್ಲಿಗೆ ಹೋಗಲಿ. ಚೀಲದ ಬಾಯಿಗೆ ಒಳಗಿನಿಂದ ಒಂದು ಬಳೆ ಹೊಲಿದರೆ ಬಾಯಿ ತೆರೆದೇ ನಿಲ್ಲುತ್ತದೆ, ತಡಕಾಡಬೇಕಿಲ್ಲ. ಹೆಗಲ ಚೀಲವೂ ಆಗುತ್ತದೆ, ಬಲ ಸೊಂಟದ ಮಟ್ಟಕ್ಕೆ ಪಟ್ಟಿ ಸರಿಮಾಡಿಕೊಳ್ಳಿ. ಪಂಚೆಯವರು ಅಂಗಿ ಬದಲು ಜುಬ್ಬಾ ಹಾಕಿದರೆ ಬದಿಯ ಆಳವಾದ ಜೇಬು ಸಿಕ್ಕೇ ಸಿಗುತ್ತದೆ. ಎದೆ ಜೇಬಿಗೆ ಮಾತ್ರ ಹೋಗಬೇಡಿ, ಕೈ ಎತ್ತಿದರೆ ಎಲ್ಲರ ಕಣ್ಣೂ ಮೇಲೆ ಬರುತ್ತದೆ. ಕೈಬಳೆ ಎರಡಕ್ಕಿಂತ ಹೆಚ್ಚು ಬೇಡ, ಅಡಗಿಸುವಾಗ ಸದ್ದು ನಿಂತು ಕೈ ಬಿಗಿಯಾದದ್ದು ಕಿವಿಗೇ ಗೊತ್ತಾಗುತ್ತದೆ. ಕಲ್ಲಿನ ಉಂಗುರ ಸ್ಪಂಜಿಗೆ ಸಿಕ್ಕಿಕೊಳ್ಳುತ್ತದೆ, ತೆಗೆದಿಡಿ.

ಇನ್ನೊಂದು. ಕೊನೆಗೆ ರಾಶಿ ಚೆಂಡು ಸುರಿಸಬೇಕು ಅಂತ ಆಸೆ ಇದ್ದವರಿಗೆ ನಮ್ಮ ಅಡಿಕೆ ಹಾಳೆಯ ಟೊಪ್ಪಿಗಿಂತ ಒಳ್ಳೆ ಸಾಮಾನು ಇಲ್ಲ. ಒಂದು ಇಂಚಿನ ಪುಟ್ಟ ಚೆಂಡು ಹನ್ನೆರಡು ಸಾಕು, ಹಿಂಡಿದರೆ ಒಂದು ಮುಷ್ಟಿ. ಎದುರಿನವರ ಕೈಯಲ್ಲಿ ಮೂರು ಚೆಂಡು ಪುಟಿದೆದ್ದ ಕ್ಷಣದಲ್ಲಿ ಎಲ್ಲರೂ ಅವರನ್ನು ನೋಡುತ್ತಿರುತ್ತಾರೆ. ನಿಮ್ಮ ಬಲಗೈ ಚೀಲಕ್ಕೆ ಹೋಗಿ ಆ ಹನ್ನೆರಡನ್ನು ಹಿಂಡಿಕೊಂಡು ಬರಬೇಕಾದದ್ದು ಆಗಲೇ. ಮೊದಲೇ ಖಾಲಿ ತೋರಿಸಿಟ್ಟ ಟೊಪ್ಪಿಯನ್ನು ಎಡಗೈಯಿಂದ ಎತ್ತಿ ಬಲಗೈಗೆ ಕೊಡಿ: ಬಲಗೈಯ ನಾಲ್ಕು ಬೆರಳು ಒಳಗೆ, ಹೆಬ್ಬೆರಳು ಹೊರಗೆ. ಚೆಂಡು ಈಗ ಬೆರಳಿಗೂ ಟೊಪ್ಪಿಯ ಒಳಗೋಡೆಗೂ ನಡುವೆ. ಎಡಗೈಯಿಂದ ದೊಡ್ಡ ಮೂರು ಚೆಂಡನ್ನು ಒಂದೊಂದಾಗಿ ಹಾಕುತ್ತಾ ಬಲಬೆರಳು ಸಡಿಲಿಸಿ. ಸದ್ದಿಲ್ಲದೆ ಇಳಿಯುತ್ತವೆ. ಬೋರಲು ಮಾಡಿದರೆ ಹದಿನೈದೂ ಬೊಳಬೊಳ ಸುರಿಯುತ್ತವೆ.

ಟೊಪ್ಪಿ ಹಳೆಯದಿರಲಿ. ಹೊಸ ಹಾಳೆ ಬಿಗಿ, ಹಿಡಿದಾಗ ಚರಚರ ಅನ್ನುತ್ತದೆ.

ತುಂಗೆದಡ

ಹಾಳೆಟೊಪ್ಪಿ ಅವರೇ, ಬಹಳ ಚಂದದ ಉಪಾಯ. ಟೊಪ್ಪಿ ಖಾಲಿ ಅಂತ ತೋರಿಸುವುದು ಆಟದ ಶುರುವಿಗೇ, ತಲೆ ಮೇಲಿಂದ ತೆಗೆದು ಮೇಜಿಗೆ ಇಡುವಾಗ ಆಗಿಬಿಡಲಿ. ಕೊನೆಯಲ್ಲಿ ತೋರಿಸಿದರೆ ಏನೋ ಬರುತ್ತದೆ ಅಂತ ಜನ ಕಾಯುತ್ತಾರೆ.

ಕುಶನ್ ಕತ್ತರಿ

ಚೆಂಡು ಮನೆಯಲ್ಲೇ ಮಾಡಿಕೊಳ್ಳುವವರಿಗೆ. ಶಿವಮೊಗ್ಗದಲ್ಲಾಗಲಿ ತಾಲ್ಲೂಕು ಕೇಂದ್ರದಲ್ಲಾಗಲಿ ಸೋಫಾ, ಗಾಡಿ ಸೀಟು ಹೊಲಿಯುವ ಕುಶನ್ ಅಂಗಡಿಯಲ್ಲಿ ಫೋಮಿನ ತುಂಡು ಕೇಳಿ. ಸೀಟಿಗೆ ಹಾಕುವ ಗಟ್ಟಿ ಫೋಮು ಬೇಡ, ದಿಂಬಿಗೆ, ಒರಗುವ ಬೆನ್ನಿಗೆ ಹಾಕುವ ಮೆತ್ತನೆಯದು ಬೇಕು. ಪರೀಕ್ಷೆ ಸುಲಭ: ಎರಡು ಇಂಚಿನ ತುಂಡನ್ನು ಮುಷ್ಟಿಯಲ್ಲಿ ಮುಚ್ಚಿದರೆ ಬೆರಳ ಸಂದಿನಿಂದ ಹೊರಗೆ ಬರಬಾರದು, ಬಿಟ್ಟರೆ ಒಂದು ಸೆಕೆಂಡಿನಲ್ಲಿ ಪೂರ್ತಿ ಅರಳಬೇಕು. ಬಣ್ಣದ ಫೋಮೇ ತಗೊಳ್ಳಿ. ಬಿಳಿಯದಕ್ಕೆ ಮನೆಯಲ್ಲಿ ಬಣ್ಣ ಹಾಕಿದರೆ ಒಳಗೆ ಇಳಿಯುವುದಿಲ್ಲ, ಬೆವರಿಗೆ ಅಂಗೈ ಕೆಂಪಾಗುತ್ತದೆ.

ಮೊದಲು ಸರಿಯಾದ ಘನ ಕತ್ತರಿಸಿ, ಎಲ್ಲ ಬದಿ ಸಮ ಇರಲಿ. ಉದ್ದನೆಯ ಹರಿತ ಬ್ಲೇಡು ಬೇಕು, ಒತ್ತದೆ ಎಳೆದು ಕೊಯ್ಯಿರಿ. ಒತ್ತಿದರೆ ಫೋಮು ಕುಗ್ಗಿ ನಡುವೆ ಗುಳಿ ಬೀಳುತ್ತದೆ. ಆಮೇಲೆ ಎಂಟು ಮೂಲೆ ಕತ್ತರಿಸಿ, ಆಮೇಲೆ ಹನ್ನೆರಡು ಅಂಚು. ಕೊನೆಗೆ ಬಾಗಿದ ಸಣ್ಣ ಕತ್ತರಿಯಿಂದ ತಿರುಗಿಸುತ್ತಾ ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ ತೆಗೆಯುತ್ತಾ ಬನ್ನಿ. ದೊಡ್ಡ ತುಂಡು ತೆಗೆದರೆ ಸರಿಮಾಡಲು ಇನ್ನೊಂದು ಬದಿಯೂ ತೆಗೆಯಬೇಕಾಗಿ ಚೆಂಡು ಸಣ್ಣದಾಗುತ್ತಲೇ ಹೋಗುತ್ತದೆ. ಒಂದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಅಭ್ಯಾಸಕ್ಕಾದರೆ ಘನವೇ ಸಾಕು, ಗುಂಡು ಮಾಡಬೇಕೆಂದೇ ಇಲ್ಲ. ಮೇಜಿನ ಮೇಲೆ ಉರುಳುವುದೂ ಇಲ್ಲ.

ಆಗುಂಬೆ ಮಂಜು

ಮಳೆಗಾಲದ ಬಗ್ಗೆ ಯಾರೂ ಹೇಳಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಅಂಚಿನ ಊರುಗಳಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಸ್ಪಂಜು ಎಲ್ಲಿ ಒಣಗುತ್ತದೆ? ಗಣಪತಿ ಹಬ್ಬವೂ ಇದೇ ಹೊತ್ತಿಗೆ ಬರುತ್ತದೆ.

ಬೆವರು, ತೇವ ಕುಡಿದ ಚೆಂಡು ಭಾರವಾಗುತ್ತದೆ, ನಿಧಾನ ಅರಳುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಎದುರಿನವರ ಕೈಗೆ ಅಂಥದ್ದನ್ನು ಕೊಡಬಾರದು. ತೊಳೆಯಬೇಕಾದರೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಮೈಸೋಪು, ಹಿಂಡಿ ಹಿಂಡಿ ಬಿಡಿ, ತಿರುಚಬೇಡಿ. ತಿರುಚಿದರೆ ಒಳಗೇ ಹರಿಯುತ್ತದೆ. ನೊರೆ ಹೋಗುವವರೆಗೆ ಮೂರು ನಾಲ್ಕು ನೀರು. ಒಣ ಬೈರಾಸಿನ ಮಡಿಕೆಯಲ್ಲಿಟ್ಟು ಒತ್ತಿ ನೀರು ತೆಗೆದು, ಫ್ಯಾನಿನ ಕೆಳಗೆ ಒಂದೊಂದು ಬಿಡಿಬಿಡಿಯಾಗಿ ಇಡಿ. ಮೇಲೆ ಒಣಗಿದಂತೆ ಕಂಡರೂ ನಡುವೆ ಹಸಿ ಇರುತ್ತದೆ. ಒಣ ಕಾಗದದ ಮೇಲೆ ಒತ್ತಿ ನೋಡಿ, ಕಲೆ ಬಿದ್ದರೆ ಇನ್ನೂ ಆಗಿಲ್ಲ. ಬಚ್ಚಲ ಒಲೆಯ ಮೇಲೆ ಒಣಗಿಸುವ ಅಭ್ಯಾಸ ಬೇಡ, ಹೊಗೆ ವಾಸನೆ ಮತ್ತೆ ಹೋಗುವುದಿಲ್ಲ. ಬಿಸಿಲು ಬಂದಾಗ ನೇರ ಬಿಸಿಲಿಗೂ ಇಡಬೇಡಿ. ಈ ಫೋಮು ಪಾಲಿಯುರಿಥೇನ್, ಬಿಸಿಲಿನ ನೇರಳಾತೀತ ಕಿರಣಕ್ಕೆ ಬಣ್ಣ ಕೆಟ್ಟು ಮೇಲ್ಮೈ ಪುಡಿಪುಡಿಯಾಗುತ್ತದೆ.

ಇಡುವುದು ಮುಚ್ಚಳ ಇರುವ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯೊಳಗೆ ಬರುತ್ತದಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ. ಡಬ್ಬಿ ದೊಡ್ಡದಿರಲಿ. ಹಿಂಡಿ ತುಂಬಿಟ್ಟರೆ ಬೆಳಿಗ್ಗೆಗೆ ಚಪ್ಪಟೆ, ವಾರಗಟ್ಟಲೆ ಹಾಗೇ ಬಿಟ್ಟರೆ ಮತ್ತೆ ಗುಂಡಾಗುವುದೇ ಇಲ್ಲ.

ಚಳಿಗಾಲಕ್ಕೆ ಇದರ ತಿರುಗುಮುರುಗು. ಡಿಸೆಂಬರ್ ಜನವರಿಯಲ್ಲಿ ಅಂಗೈ ಒಣಗಿ ಚೆಂಡು ಜಾರುತ್ತದೆ. ಆಟಕ್ಕೆ ಐದು ನಿಮಿಷ ಮೊದಲು ಒಂದೆರಡು ಹನಿ ಗ್ಲಿಸರಿನ್ ಕೈಗೆ ಉಜ್ಜಿ, ಬಟ್ಟೆಯಲ್ಲಿ ಒರೆಸಿಕೊಳ್ಳಿ. ಪೌಡರ್ ಹಾಕಬೇಡಿ, ಕೆಂಪು ಚೆಂಡಿನ ಮೇಲೆ ಬೆರಳ ಗುರುತು ಬೆಳ್ಳಗೆ ಮೂಡುತ್ತದೆ.

ಶರಾವತಿ ಕಣಿವೆ

ಒಂದು ವಿಷಯ, ಕಲಿಯುವವರಿಗೆ ಗೊತ್ತಿರಲಿ. ಬಟ್ಟಲು ಮತ್ತು ಚೆಂಡಿನ ಆಟ ಬಹಳ ಹಳೆಯದು, ಎರಡು ಸಾವಿರ ವರ್ಷದ ಹಿಂದೆ ರೋಮಿನ ತತ್ವಜ್ಞಾನಿ ಸೆನೆಕಾ ಬಟ್ಟಲು-ಹರಳಿನ ಕಣ್ಕಟ್ಟನ್ನು ತನ್ನ ಪತ್ರವೊಂದರಲ್ಲಿ ಹೆಸರಿಸುತ್ತಾನೆ. ನಮ್ಮ ಕಡೆ ಜಾತ್ರೆಯಲ್ಲಿ ನೆಲದ ಮೇಲೆ ಕೂತು ತೋರಿಸುವ ಗಾರುಡಿಗರ ಚೆಂಡು ಬಟ್ಟೆ ಸುತ್ತಿದ್ದು. ಸ್ಪಂಜಿನದು ಹೊಸದು, ಇಪ್ಪತ್ತನೇ ಶತಮಾನದ್ದು. ಪಾಲಿಯುರಿಥೇನ್ ಅನ್ನುವುದನ್ನು ಜರ್ಮನಿಯ ಒಟ್ಟೋ ಬೇಯರ್ ಕಂಡುಹಿಡಿದದ್ದೇ 1937ರಲ್ಲಿ. ಸ್ಪಂಜಿನ ಚೆಂಡಿನ ಆಟಕ್ಕೆ ದೊಡ್ಡ ಹೆಸರು ತಂದವರಲ್ಲಿ ಅಮೆರಿಕದ ಜಾದೂಗಾರ ಆಲ್ಬರ್ಟ್ ಗೋಶ್‌ಮನ್ ಒಬ್ಬರು. ಬಟ್ಟೆಯ ಚೆಂಡು ಹಿಂಡಿದರೆ ಸಣ್ಣದಾಗುವುದಿಲ್ಲ, ಎದುರಿನವರ ಮುಷ್ಟಿಯಲ್ಲಿ ಎರಡನ್ನು ಒಂದು ಅನ್ನಿಸಲು ಅದರಲ್ಲಿ ಸಾಧ್ಯವೇ ಇಲ್ಲ. ಸ್ಪಂಜು ಬಂದ ಮೇಲೇ ಆಟ ಬಟ್ಟಲನ್ನು ಬಿಟ್ಟು ನೋಡುವವರ ಕೈಗೆ ಬಂದದ್ದು.

ಕೈಚಳಕ ಸಾಗರ

ಪೆಂಡಾಲಿನ ಮಾತಿಗೆ ಬರೋಣ. ಸ್ಪಂಜಿನ ಚೆಂಡು ಇಪ್ಪತ್ತೈದು ಮೂವತ್ತು ಜನರ ಆಟ. ಇನ್ನೂರು ಜನರ ಮುಂದೆ ವೇದಿಕೆ ಮೇಲೆ ಒಂದೂವರೆ ಇಂಚಿನ ಚೆಂಡು ಮೂರನೇ ಸಾಲಿನ ಆಚೆಗೆ ಕಾಣುವುದಿಲ್ಲ. ವೇದಿಕೆ ಬಿಟ್ಟು ಕೆಳಗಿಳಿದು, ಮಕ್ಕಳನ್ನು ಅರ್ಧಚಂದ್ರದ ಹಾಗೆ ಮುಂದೆ ಕೂರಿಸಿ ಮಾಡಿ. ನಿಮ್ಮ ಬೆನ್ನ ಹಿಂದೆ ಗೋಡೆಯೋ ಪರದೆಯೋ ಇರಲೇಬೇಕು.

ಬಲಗೈಯಲ್ಲಿ ಅಡಗಿಸಿದ ಚೆಂಡು ಕಾಣುವುದು ಮೂರು ಕಡೆಯಿಂದ: ನಿಮ್ಮ ಬಲ ಹಿಂಬದಿ, ಕೆಳಗಿನಿಂದ, ಮೇಲಿನಿಂದ. ಬಲ ಹಿಂಬದಿಯಲ್ಲಿ ಯಾರೂ ಇರದಂತೆ ನೋಡಿಕೊಳ್ಳುವುದು ಸುಲಭ. ನೆಲದ ಮೇಲೆ ಕೂತ ಮಕ್ಕಳ ಕಣ್ಣು ನಿಮ್ಮ ಸೊಂಟಕ್ಕಿಂತ ಕೆಳಗೆ ಇರುತ್ತದೆ. ಕೈ ಎದೆ ಮಟ್ಟಕ್ಕೆ ಎತ್ತಿದರೆ ಅವರಿಗೆ ಅಂಗೈ ಒಳಗೆಲ್ಲ ಕಾಣುತ್ತದೆ. ಆದ್ದರಿಂದ ಮಕ್ಕಳು ನೆಲದ ಮೇಲಿದ್ದರೆ ನೀವೂ ಗಿಡ್ಡ ಸ್ಟೂಲ್ ಮೇಲೆ ಕೂತುಬಿಡಿ. ಇನ್ನು ತೊಟ್ಟಿಮನೆಯ ಅಂಗಳದಲ್ಲಿ ಮಾಡುವಾಗ ಉಪ್ಪರಿಗೆಯ ಕಟಾಂಜನಕ್ಕೆ ಒರಗಿ ನೋಡುವವರು ಇದ್ದೇ ಇರುತ್ತಾರೆ. ಅವರಿಗೆ ಎಲ್ಲವೂ ಬಯಲು. ಅಂಗಳ ಬಿಟ್ಟು ಜಗುಲಿಯ ಮಾಡಿನ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ.

ಮೇಜಿಗೆ ಕರಿಕಂಬಳಿ ಎರಡು ಮಡಿಕೆ ಹಾಸಿ, ಮೇಲೆ ಕಪ್ಪು ಅಥವಾ ಕಡುನೀಲಿ ಹತ್ತಿಬಟ್ಟೆ ಬಿಗಿಯಾಗಿ ಹೊದಿಸಿ. ಬರೀ ಕಂಬಳಿ ಆದರೆ ಎಳೆ ಚೆಂಡಿಗೆ ಅಂಟುತ್ತದೆ. ಬರೀ ಬಟ್ಟೆ ಆದರೆ ಫ್ಯಾನಿನ ಗಾಳಿಗೆ ಚೆಂಡು ಉರುಳುತ್ತದೆ. ಕರೆಂಟ್ ಹೋದಾಗ ಒಂದೇ ಎಮರ್ಜೆನ್ಸಿ ದೀಪ ಬದಿಯಲ್ಲಿದ್ದರೆ ಬಟ್ಟೆಯ ಮೇಲೆ ಕೈಯ ನೆರಳು ಬಿದ್ದು, ಅಡಗಿದ ಚೆಂಡಿನ ಉಬ್ಬು ಅದರಲ್ಲಿ ಕಾಣುತ್ತದೆ. ದೀಪ ನಿಮ್ಮ ಮುಂದೆ, ತಲೆಗಿಂತ ಎತ್ತರದಲ್ಲಿ ಇಡಿಸಿ.

ಹೊಸನಗರದ ಹೊಸಬ

ಎಲ್ಲರಿಗೂ ಉಪಕಾರ. ಒಂದೂವರೆ ಇಂಚಿನವು ತರಿಸಿ ಅಭ್ಯಾಸ ನಡೆದಿದೆ. ಕನ್ನಡಿಯಲ್ಲಿ ಸರಿ ಕಾಣುತ್ತದೆ, ಫೋನಿನಲ್ಲಿ ಹಿಡಿದು ನೋಡಿದರೆ ಮೂರು ದೋಷ: ಬಲ ಹೆಬ್ಬೆರಳು ನೆಟ್ಟಗೆ ನಿಂತಿರುತ್ತದೆ, ಸುಳ್ಳು ಕೊಡುವ ಕ್ಷಣದಲ್ಲಿ ಕಣ್ಣು ರೆಪ್ಪೆ ಬಡಿಯುತ್ತದೆ, ಜೇಬಿನಿಂದ ಕೈ ತೆಗೆಯುವಾಗ ತಡ ಆಗುತ್ತದೆ.

ಕೈಚಳಕ ಸಾಗರ

ತಮ್ಮಾ, ಫೋನಿನಲ್ಲಿ ನೋಡಿದ್ದು ಒಳ್ಳೆಯದಾಯ್ತು. ಕನ್ನಡಿ ಮುಂದೆ ರೆಪ್ಪೆ ಬಡಿದರೆ ನಿಮಗೆ ಕಾಣುವುದೇ ಇಲ್ಲ, ಆ ಕ್ಷಣ ಕಣ್ಣು ಮುಚ್ಚಿರುತ್ತದಲ್ಲ. ತಪ್ಪನ್ನು ತನ್ನಿಂದಲೇ ಮುಚ್ಚಿಡಲು ಮೈ ಹಾಗೆ ಕಲಿತುಬಿಡುತ್ತದೆ. ಆ ಗಳಿಗೆಗೆ ಸರಿಯಾಗಿ ಒಂದು ಮಾತು ಇಟ್ಟುಕೊಳ್ಳಿ, ‘ಇದು ಈ ಕೈಗೆ’ ಅನ್ನುವಷ್ಟು. ಬಾಯಿ ಮಾತಾಡುವಾಗ ಉಸಿರು ಕಟ್ಟುವುದಿಲ್ಲ, ರೆಪ್ಪೆ ಬಡಿದರೂ ಸಹಜವಾಗಿ ಕಾಣುತ್ತದೆ.

ಹೆಬ್ಬೆರಳು ನೆಟ್ಟಗಾಗುವುದು ಚೆಂಡನ್ನು ಎಳೆದ ಮೇಲೂ ಅದನ್ನೇ ಒತ್ತಿ ಹಿಡಿದಿರುವುದರಿಂದ. ಎಳೆದು ಬೆರಳ ಬುಡಕ್ಕೆ ಕೂರಿಸಿದ ಕೂಡಲೇ ಹೆಬ್ಬೆರಳು ಬಿಟ್ಟು ತೋರುಬೆರಳ ಬದಿಗೆ ಒರಗಲಿ. ಚೆಂಡು ಬೀಳುತ್ತದೆಯೇ? ಹಾಗಾದರೆ ಹಿಡಿತ ಇನ್ನೂ ಬಂದಿಲ್ಲ, ಎರಡು ದಿನ ಮತ್ತೆ ಲೋಟ ಎತ್ತುವ ಅಭ್ಯಾಸ.

ಫೋನು ಎದೆ ಮಟ್ಟದಲ್ಲಿ ಐದು ಅಡಿ ದೂರ ಇಡಿ. ಒಮ್ಮೆ ನೇರ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ನೆಲದ ಮೇಲಿಂದ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಒಂದೇ ಸಲ ಎರಡು ಗಂಟೆ ಮಾಡಿದರೆ ಬೆರಳು ದಣಿದು ಹೊಸ ಕೆಟ್ಟ ಚಾಳಿ ಬೀಳುತ್ತದೆ.

ಮಳೆಬಿಲ್ಲು ತೀರ್ಥಹಳ್ಳಿ

ಜೇಬಿನ ತಡಕ್ಕೆ: ನಾಲ್ಕನೇ ಚೆಂಡಿನ ಜೊತೆ ಕರವಸ್ತ್ರ, ಬೀಗದಕೈ ಏನಾದರೂ ಇದ್ದರೆ ತೆಗೆಯಿರಿ. ಕೈ ಮಣಿಕಟ್ಟಿನವರೆಗೆ ಹೋಗಬೇಕಿಲ್ಲ, ಗೆಣ್ಣು ಮರೆಯಾದರೆ ಸಾಕು. ನಿಜವಾಗಿ ಒಂದು ಚೆಂಡು ಹಾಕಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟೇ.

ಹೊಸನಗರದ ಹೊಸಬ

ಎದುರಿನವರು ಹೇಳುವುದಕ್ಕೆ ಮೊದಲೇ ಮುಷ್ಟಿ ಬಿಚ್ಚಿಬಿಟ್ಟರೆ? ಅಡಗಿಸಿದ ಚೆಂಡು ಬಿದ್ದರೆ?

ಕೊಪ್ಪದ ಮೇಷ್ಟ್ರು

ಮೊದಲೇ ಬಿಚ್ಚಿದರೆ ಗಾಬರಿ ತೋರಿಸಬೇಡಿ. ಎರಡು ಚೆಂಡು ಪುಟಿದದ್ದೇ ಜನರಿಗೆ ದೊಡ್ಡ ಬೆರಗು. ‘ಬಂದೇ ಬಿಡ್ತಲ್ಲ!’ ಅನ್ನಿ. ಮೇಜಿನ ಮೇಲೆ ಉಳಿದದ್ದನ್ನು ತೋರಿಸಿ ‘ಇನ್ನೊಂದನ್ನೂ ಕಳಿಸೋಣ’ ಅಂತ ಅಲ್ಲಿಂದಲೇ ಮುಂದುವರಿಯಿರಿ: ಅವರ ಎರಡನ್ನು ಮತ್ತೆ ಮುಷ್ಟಿಯಲ್ಲಿ ಹಿಡಿಸಿ, ಕೊಡುವಾಗ ಈ ಮೂರನೇದನ್ನೇ ಅಡಗಿಸಿ ಸೇರಿಸಬೇಕು. ಅದಕ್ಕೆ ಮೊದಲು ಮೇಜಿನದನ್ನು ‘ಜೇಬಿಗೆ’ ಹಾಕಿದಂತೆ ಮಾಡಿ ಕೈಯಲ್ಲಿ ಉಳಿಸಿಕೊಂಡಿರಿ. ಬಿಚ್ಚಿದರೆ ಮೂರು, ಆಟ ಮುಗಿಯಿತು.

ಬಿದ್ದರೆ ಸ್ಪಂಜಿಗೆ ಸದ್ದಿಲ್ಲ, ಅರ್ಧ ಜನಕ್ಕೆ ಗೊತ್ತೇ ಆಗುವುದಿಲ್ಲ. ಯಾರೂ ನೋಡದಿದ್ದರೆ ನೀವೂ ನೋಡಬೇಡಿ, ಜೇಬಿನ ನಾಲ್ಕನೇದು ಇದೆ. ಯಾರಾದರೂ ಕೈ ತೋರಿಸಿದರೆ ಬಗ್ಗಿ ಎತ್ತಿ, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟು, ಮೂರೂ ಹೊರಗಿರುವಂತೆ ಆಟ ಮುಂದುವರಿಸಿ. ಅಡಗಿಸಲು ನಾಲ್ಕನೇದನ್ನು ಆಮೇಲೆ ತಂದುಕೊಳ್ಳಬಹುದು.

ಒಂದೇ ಸಭೆಗೆ ಅದೇ ಆಟ ಎರಡು ಸಲ ಬೇಡ. ‘ಇನ್ನೊಂದ್ಸಲ, ಇನ್ನೊಂದ್ಸಲ’ ಅಂತ ಮಕ್ಕಳು ಕೂಗಿಯೇ ಕೂಗುತ್ತಾರೆ. ಎರಡನೇ ಸಲ ಅವರು ಬಲಗೈಯನ್ನೇ ನೋಡುತ್ತಾರೆ.

ಆಗುಂಬೆ ಮಂಜು

ಮಕ್ಕಳ ವಿಷಯ ಬಂದದ್ದಕ್ಕೆ ಇದನ್ನು ಒತ್ತಿ ಹೇಳಬೇಕು. ಸ್ಪಂಜಿನ ಚೆಂಡನ್ನು ಬಾಯಿಂದ ತೆಗೆಯುವ ಆಟ ಮಕ್ಕಳ ಮುಂದೆ ಮಾಡಲೇಬೇಡಿ. ನೋಡಿದ ಮಗು ಮನೆಗೆ ಹೋಗಿ ಅದನ್ನೇ ಮಾಡುತ್ತದೆ. ಸ್ಪಂಜು ಗಂಟಲಲ್ಲಿ ಹಿಂಡಿಕೊಂಡು ಒಳಗೆ ಇಳಿದು ಅಲ್ಲೇ ಅರಳುತ್ತದೆ, ಹಸಿಯಾದರೆ ತೆಗೆಯುವುದು ಇನ್ನೂ ಕಷ್ಟ. ಹಾಳೆಟೊಪ್ಪಿಯ ಒಂದು ಇಂಚಿನ ಚೆಂಡು ಎಲ್ಲಕ್ಕಿಂತ ಅಪಾಯ. ಸುರಿಸಿದ ಮೇಲೆ ನೆಲದ ಮೇಲಿನದನ್ನೆಲ್ಲ ಹನ್ನೆರಡೂ ಸಿಗುವವರೆಗೆ ಎಣಿಸಿ ಎತ್ತಿಕೊಳ್ಳಿ. ಪುಟ್ಟ ಮಕ್ಕಳು ಮುಂದಿನ ಸಾಲಿನಲ್ಲಿದ್ದರೆ ಟೊಪ್ಪಿಯ ಭಾಗವನ್ನೇ ಬಿಡಿ.

ಹಾಳೆಟೊಪ್ಪಿ

ಒಪ್ಪಿದೆ. ಸುರಿಸುವುದನ್ನು ನೆಲಕ್ಕೆ ಬದಲು ಮೇಜಿನ ಮೇಲೆ, ಅಂಚು ಎತ್ತರ ಇರುವ ಬಿದಿರಿನ ತಟ್ಟೆಯೊಳಗೆ ಮಾಡಿದರೆ ಒಂದೂ ಉರುಳುವುದಿಲ್ಲ, ಎಣಿಕೆಯೂ ಸುಲಭ.